ಏಳು ತಿಂಗಳು ತುಂಬಿದ ಮೇಲಿನ ಊಟ: ಬೇಗ ಆಗಬೇಕು, ಸಾರವೂ ಇರಬೇಕು

ಸೀಮಂತ ಮುಗಿದ ಮನೆಯಲ್ಲಿ ತಿಂಡಿಗೆ ಬರವಿಲ್ಲ. ನೆಂಟರು ತಂದ ಲಾಡು, ಚಕ್ಕುಲಿ, ಹೋಳಿಗೆಯ ಡಬ್ಬಗಳು ಕಪಾಟು ತುಂಬಿರುತ್ತವೆ, ಬಂದವರೆಲ್ಲ "ಇನ್ನು ಇಬ್ಬರ ಊಟ ಉಣ್ಬೇಕು ಮಗಾ" ಎಂದು ಹೇಳಿ ಹೋಗುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಬಸುರಿಗೆ ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಹೊಟ್ಟೆ ಬಿಗಿದುಬರುತ್ತದೆ, ಮಲಗಿದರೆ ಎದೆಯುರಿ. ಕೆಲಸಕ್ಕೆ ಹೋಗುವವರ ಪಾಡು ಇನ್ನೂ ಬೇರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಂದಿನಿಂದ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಉಂಟು, ಆದರೆ ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ಮಗು ಬಂದ ಮೇಲೆ ರಜೆ ಬೇಕಲ್ಲ ಎಂದು ಅದನ್ನೂ ಉಳಿಸಿಕೊಂಡು, ಒಂಬತ್ತನೇ ತಿಂಗಳಲ್ಲೂ ಮಣಿಪಾಲಕ್ಕೋ ಮಂಗಳೂರಿನ ಹಂಪನಕಟ್ಟೆಗೋ ಬಸ್ಸು ಹತ್ತುವವರು ಬಹಳ ಮಂದಿ. ಬೆಳಿಗ್ಗೆ ಅವರ ಕೈಯಲ್ಲಿರುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಹೊಸ ಪುಡಿ, ದುಬಾರಿ ಡಬ್ಬ ಯಾವುದೂ ಬೇಕಾಗಿಲ್ಲ. ಕುಚ್ಚಲಕ್ಕಿ, ಹೆಸರು, ಕಡ್ಲೆ, ಬಂಗುಡೆ, ನುಗ್ಗೆಸೊಪ್ಪು, ಮಜ್ಜಿಗೆ ಎಲ್ಲವೂ ನಮ್ಮ ಕರಾವಳಿಯ ಅಡುಗೆಮನೆಯಲ್ಲಿ ಇರುವುದೇ. ಸರಿಪಡಿಸಬೇಕಾದ್ದು ಪ್ರಮಾಣ ಮತ್ತು ಹೊತ್ತು.

ಕೊನೆಯ ಮೂರು ತಿಂಗಳಲ್ಲಿ ಒಳಗೆ ಆಗುವುದೇನು

28ನೇ ವಾರದಿಂದ ಹೆರಿಗೆಯವರೆಗಿನ ಅವಧಿಯನ್ನು ಮೂರನೇ ತ್ರೈಮಾಸಿಕ ಎನ್ನುತ್ತಾರೆ. ಅದು ಶುರುವಾಗುವಾಗ ಮಗುವಿನ ತೂಕ ಸುಮಾರು 1 ಕಿಲೋ, ಮುಗಿಯುವಾಗ ಹತ್ತಿರ ಹತ್ತಿರ 3 ಕಿಲೋ. ಮೂಳೆಗೆ ಬೇಕಾದ ಕ್ಯಾಲ್ಸಿಯಂನ ಹೆಚ್ಚಿನ ಪಾಲು ಮಗುವಿಗೆ ಸೇರುವುದು ಈಗಲೇ. ಮೆದುಳು ವೇಗವಾಗಿ ಬೆಳೆಯುವುದೂ ಈಗ. ತಾಯಿಯ ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಆದ್ದರಿಂದ ಹುಟ್ಟಿದ ಮೇಲಿನ ಮೊದಲ ಕೆಲವು ತಿಂಗಳಿಗೆ ಬೇಕಾದ ಕಬ್ಬಿಣಾಂಶವನ್ನು ಮಗು ತಾಯಿಯಿಂದ ಮುಂಚಿತವಾಗಿಯೇ ಪಡೆದು ಕೂಡಿಡುತ್ತದೆ. ತಾಯಿಯಲ್ಲೇ ರಕ್ತ ಕಡಿಮೆಯಿದ್ದರೆ ಆ ಕೂಡಿಟ್ಟದ್ದೂ ಕಡಿಮೆಯಾಗುತ್ತದೆ.

ಬೇಡಿಕೆ ಹೀಗೆ ಏರುವಾಗ ಹೊಟ್ಟೆಯಲ್ಲಿ ಜಾಗ ಇಳಿಯುತ್ತದೆ. ಗರ್ಭಕೋಶ ಮೇಲಕ್ಕೆ ಬಂದು ಜಠರವನ್ನು ಒತ್ತುತ್ತದೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅನ್ನನಾಳದ ಕೆಳಗಿನ ಸ್ನಾಯುವನ್ನು ಸಡಿಲಗೊಳಿಸುವುದರಿಂದ ಹುಳಿ ಮೇಲಕ್ಕೆ ನುಗ್ಗುತ್ತದೆ. ಅದೇ ಹಾರ್ಮೋನು ಕರುಳಿನ ಚಲನೆಯನ್ನೂ ನಿಧಾನ ಮಾಡುವುದರಿಂದ ಮಲಬದ್ಧತೆ. ಎದೆಯುರಿ, ಬೇಗ ಹೊಟ್ಟೆ ತುಂಬಿದಂತಾಗುವುದು, ಮಲ ಗಟ್ಟಿಯಾಗುವುದು, ಮೂರಕ್ಕೂ ಮೂಲ ಇಲ್ಲೇ.

"ಇಬ್ಬರ ಊಟ" ಎಂದರೆ ಎಷ್ಟು?

ಗರ್ಭಿಣಿಗೆ ಮಾಮೂಲಿಗಿಂತ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಬೇಕು ಎನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಇದು ದೊಡ್ಡ ಏರಿಕೆಯೇನಲ್ಲ, ಎರಡು ಮಂಗಳೂರು ಬನ್ಸ್‌ನಲ್ಲೇ ಮುಗಿದುಹೋಗುತ್ತದೆ. ಆದರೆ ಅದೇ ಮಂಡಳಿ ಕೊನೆಯ ಮೂರು ತಿಂಗಳಿಗೆ ಪ್ರೊಟೀನ್ ದಿನಕ್ಕೆ 22 ಗ್ರಾಂ ಹೆಚ್ಚು ಇರಬೇಕೆನ್ನುತ್ತದೆ. ಅದು ಮೈದಾ, ಸಕ್ಕರೆ, ಎಣ್ಣೆಯಿಂದ ಬರುವುದಿಲ್ಲ. ಇನ್ನೊಂದು ಸೌಟು ಅನ್ನ ಬಡಿಸಿದರೂ ಬರುವುದಿಲ್ಲ.

22 ಗ್ರಾಂ ಎಲ್ಲಿಂದ ಎಂದು ಲೆಕ್ಕ ಹಾಕಿ ನೋಡಿ. 200 ಮಿ.ಲೀ. ಹಾಲಿನಲ್ಲಿ ಸುಮಾರು 6 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಒಣ ಕಡ್ಲೆಯಲ್ಲಿ (ನೆನೆದು ಬೆಂದರೆ ಒಂದು ಸಣ್ಣ ಬಟ್ಟಲು) 9ರಿಂದ 10 ಗ್ರಾಂ. ಅಷ್ಟಕ್ಕೆ ಮುಗಿಯಿತು. ಮೊಟ್ಟೆ ತಿನ್ನದವರಿಗೆ 50 ಗ್ರಾಂ ಹೆಸರು, ಒಂದು ಲೋಟ ಹಾಲು, ಒಂದು ಬಟ್ಟಲು ಗಟ್ಟಿ ಮೊಸರು ಸೇರಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಇದನ್ನು ಒಂದೇ ಊಟದಲ್ಲಿ ತುರುಕಬಾರದು. ಎರಡೂವರೆ, ಮೂರು ಗಂಟೆಗೊಮ್ಮೆ ಸಣ್ಣ ಬಟ್ಟಲು, ಪ್ರತಿ ಬಟ್ಟಲಿನಲ್ಲೂ ಕಾಳು, ಬೇಳೆ, ಮೊಟ್ಟೆ, ಮೀನು, ಮೊಸರು ಇವುಗಳಲ್ಲಿ ಒಂದಾದರೂ ಇರಲಿ. ರಾತ್ರಿಯೂಟಕ್ಕೂ ಹಾಸಿಗೆಗೂ ನಡುವೆ ಎರಡು ಗಂಟೆ ಬಿಡಿ.

ಕಡ್ಲೆ ಬಜಿಲ್: ರಾತ್ರಿಯ ಕೆಲಸ ಎರಡು ನಿಮಿಷ, ಬೆಳಗಿನದು ಹತ್ತು ನಿಮಿಷ

ಉಡುಪಿ, ಮಂಗಳೂರಿನ ಹೋಟೆಲುಗಳಲ್ಲಿ ಬೆಳಿಗ್ಗೆ ಸಿಗುವ, ಅವಲಕ್ಕಿಗೆ ಬೆಂದ ಕಡ್ಲೆ ಬೆರೆಸಿದ ಈ ತಿಂಡಿ ಬಸುರಿಗೆ ಹೇಳಿ ಮಾಡಿಸಿದ್ದು. ಅಕ್ಕಿಯಲ್ಲಿ ಕೊರತೆಯಿರುವ ಪ್ರೊಟೀನ್ ಅಂಶವನ್ನು ಕಡ್ಲೆ ತುಂಬುತ್ತದೆ. ಮನೆಯಲ್ಲಿ ಮಾಡಿದರೆ ಎಣ್ಣೆ, ಖಾರ ನಮ್ಮ ಹಿಡಿತದಲ್ಲಿರುತ್ತದೆ.

ಇಬ್ಬರಿಗೆ ಅರ್ಧ ಕಪ್ ಕಪ್ಪು ಕಡ್ಲೆ ಸಾಕು. ರಾತ್ರಿ ಎಂಟು ಗಂಟೆಯಾದರೂ ನೆನೆಯಲಿ. ಬೆಳಿಗ್ಗೆ ನೆನೆಸಿದ ನೀರು ಚೆಲ್ಲಿ, ಹೊಸ ನೀರು, ಚೂರು ಉಪ್ಪು ಹಾಕಿ ಕುಕ್ಕರಿನಲ್ಲಿ 5-6 ವಿಸಿಲ್ ಕೂಗಿಸಿ. ಬೆಂದದ್ದನ್ನು ಎರಡು ಬೆರಳ ನಡುವೆ ಒತ್ತಿದರೆ ಪೂರ್ತಿ ನುಜ್ಜಾಗಬೇಕು, ನಡುವೆ ಗಟ್ಟಿ ತಾಗಿದರೆ ಇನ್ನೆರಡು ವಿಸಿಲ್. "ಕಡ್ಲೆ ತಿಂದರೆ ಗ್ಯಾಸ್" ಎನ್ನುವವರಲ್ಲಿ ಹೆಚ್ಚಿನವರು ತಿನ್ನುತ್ತಿರುವುದು ಅರೆಬೆಂದ ಕಡ್ಲೆ, ಅದೂ ನೆನೆಸಿದ ನೀರಿನಲ್ಲೇ ಬೇಯಿಸಿದ್ದು. ಗ್ಯಾಸ್ ತರಿಸುವ ಸಕ್ಕರೆಯಂಶ ಆ ನೀರಿಗೆ ಇಳಿದಿರುತ್ತದೆ.

ಬಾಣಲೆಗೆ ಎರಡು ಚಮಚ ತೆಂಗಿನೆಣ್ಣೆ, ಸಾಸಿವೆ, ಕರಿಬೇವು, ಒಂದು ಬ್ಯಾಡಗಿ ಮೆಣಸು, ಚಿಟಿಕೆ ಇಂಗು. ಕಡ್ಲೆ ಹಾಕಿ, ಅರ್ಧ ಚಮಚ ಕೊತ್ತಂಬರಿ-ಜೀರಿಗೆ ಪುಡಿ, ಸ್ವಲ್ಪ ಬೆಲ್ಲ, ಎರಡು ದೊಡ್ಡ ಚಮಚ ತೆಂಗಿನ ತುರಿ ಸೇರಿಸಿ ಎರಡು ನಿಮಿಷ ಕೈಯಾಡಿಸಿ. ಒಂದು ಕಪ್ ಅವಲಕ್ಕಿ ಮಧ್ಯಮ ದಪ್ಪದ್ದಾದರೆ ತೊಳೆದು ಐದು ನಿಮಿಷ ಸೋಸಿಡಬೇಕು. ತೆಳುವಾದರೆ ನೀರು ಚಿಮುಕಿಸಿದರೆ ಸಾಕು, ತೊಳೆದರೆ ಮುದ್ದೆಯಾಗುತ್ತದೆ. ಮಳೆಗಾಲದಲ್ಲಿ ಡಬ್ಬದಲ್ಲೇ ಮೆತ್ತಗಾದ ಅವಲಕ್ಕಿಯನ್ನು ಒಂದು ನಿಮಿಷ ಬರಿಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಅವಲಕ್ಕಿಯನ್ನು ಕಡ್ಲೆಗೆ ಬೆರೆಸಿ. ಲಿಂಬೆರಸ ಒಲೆ ಆರಿಸಿದ ಮೇಲೆಯೇ ಹಿಂಡಬೇಕು, ಯಾಕೆಂದರೆ ಕಡ್ಲೆಯ ಕಬ್ಬಿಣಾಂಶ ಮೈಗೆ ಹತ್ತಲು ಸಹಾಯ ಮಾಡುವ ವಿಟಮಿನ್ ಸಿ ಬಿಸಿಗೆ ನಾಶವಾಗುತ್ತದೆ.

ಭಾನುವಾರ ಒಂದೇ ಸಲ ಎರಡು ಕಪ್ ಕಡ್ಲೆ ಬೇಯಿಸಿ, ನೀರು ಸೋಸಿ, ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಧಾರಾಳವಾಗಿ ಬರುತ್ತದೆ. ಉಸ್ಲಿ, ಗಸಿ, ಸುಕ್ಕ ಯಾವುದಕ್ಕೂ ಆಗುತ್ತದೆ.

ಹೆಸರು ಹಾಕಿದ ಕುಚ್ಚಲಕ್ಕಿ ಗಂಜಿ

ಏನೂ ಬೇಡ ಅನ್ನಿಸುವ ದಿನವೂ ಗಂಜಿ ಇಳಿಯುತ್ತದೆ. ಕುಚ್ಚಲಕ್ಕಿಯನ್ನು ಭತ್ತ ಇರುವಾಗಲೇ ಬೇಯಿಸಿ ಒಣಗಿಸುವುದರಿಂದ ಸಿಪ್ಪೆಯ ಪಕ್ಕದ ಬಿ ವಿಟಮಿನ್‌ಗಳು ಕಾಳಿನ ಒಳಕ್ಕೆ ಇಳಿದಿರುತ್ತವೆ. ಕೆಂಪು ಉಳಿದಿರುವ ಅಕ್ಕಿಯಾದರೆ ತೌಡಿನ ನಾರೂ ಸಿಗುತ್ತದೆ. ಆದರೆ ಗಂಜಿ-ಉಪ್ಪಿನಕಾಯಿ ಅಷ್ಟೇ ಆದರೆ ಪ್ರೊಟೀನ್ ಇಲ್ಲ, ಉಪ್ಪು ಮಾತ್ರ ಜಾಸ್ತಿ.

ಅರ್ಧ ಕಪ್ ಕುಚ್ಚಲಕ್ಕಿಯನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಅದಕ್ಕೆ ಕಾಲು ಕಪ್ ಇಡೀ ಹೆಸರುಕಾಳು, ನಾಲ್ಕು ಕಪ್ ನೀರು, ಅರ್ಧ ಚಮಚ ತುಪ್ಪ ಸೇರಿಸಿ ನಾಲ್ಕು ವಿಸಿಲ್, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಗಂಜಿಯ ನೊರೆ ಏರಿ ವಿಸಿಲ್ ಕಟ್ಟಿಕೊಳ್ಳುತ್ತದೆ, ತುಪ್ಪ ಹಾಕುವುದೂ ಆ ನೊರೆಯನ್ನು ತಗ್ಗಿಸಲಿಕ್ಕೇ. ಅಕ್ಕಿ ನೆನೆಸುವುದು ಮರೆತರೆ ಹೆಸರನ್ನು ಜೊತೆಗೆ ಹಾಕಬೇಡಿ. ಅಕ್ಕಿ ಬೇಯುವಷ್ಟರಲ್ಲಿ ಹೆಸರು ಕರಗಿ ಹೋಗಿರುತ್ತದೆ. ಇಷ್ಟು ಗಂಜಿ ಎರಡು ಸಲಕ್ಕೆ ಬರುತ್ತದೆ, ಒಂದು ಪಾಲು ಬೆಳಿಗ್ಗೆ, ಇನ್ನೊಂದು ಫ್ಲಾಸ್ಕಿನಲ್ಲಿ ಬಿಸಿಯಾಗಿ ಆಫೀಸಿಗೆ. ಜೊತೆಗೆ ಹುರುಳಿ ಚಟ್ನಿ, ಇಲ್ಲವೇ ಒಂದು ನೆಲ್ಲಿಕಾಯಿ, ಎರಡು ಚಮಚ ತೆಂಗಿನ ತುರಿ, ಅರ್ಧ ಹಸಿಮೆಣಸು ಸೇರಿಸಿ ಅರೆದ ಚಟ್ನಿ.

ದಾಳಿತೋವೆ ರೂಢಿಯಿರುವ ಮನೆಗಳಲ್ಲಿ ರಾತ್ರಿಗೆ ಅದೇ ಸುಲಭ. ತೊಗರಿಬೇಳೆ ಗಟ್ಟಿಯಾಗಿರಲಿ, ನೀರುಸಾರಿನ ಹಾಗೆ ತೆಳುವಾದರೆ ಬಟ್ಟಲು ತುಂಬಿದರೂ ಬೇಳೆ ಹೊಟ್ಟೆಗೆ ಹೋಗುವುದಿಲ್ಲ.

ಬಂಗುಡೆ ತಿನ್ನಬಹುದಾ?

ಹೌದು, ತಿನ್ನಬೇಕು. ಇಲ್ಲಿ ಒಂದು ಗೊಂದಲ ಬಿಡಿಸುವುದು ಅಗತ್ಯ. ಗರ್ಭಿಣಿಯರು "ಕಿಂಗ್ ಮ್ಯಾಕೆರೆಲ್" ತಿನ್ನಬಾರದು ಎಂದು ಇಂಟರ್ನೆಟ್ಟಿನಲ್ಲಿ ಓದಿ ಬಂಗುಡೆಯನ್ನೇ ಬಿಟ್ಟವರಿದ್ದಾರೆ. ಆ ಎಚ್ಚರಿಕೆ ಇರುವುದು ಪಾದರಸದ ಕಾರಣಕ್ಕೆ. ಸಮುದ್ರದಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತಾ ಹೋದಂತೆ ಪಾದರಸ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಬಂಗುಡೆಗೂ ಮ್ಯಾಕೆರೆಲ್ ಎಂಬ ಹೆಸರಿದ್ದರೂ ಅದು ಸಣ್ಣದು, ಅಲ್ಪಾಯುಷಿ, ತಿನ್ನುವುದು ನೀರಿನ ಸೂಕ್ಷ್ಮಜೀವಿಗಳನ್ನು. ಬೂತಾಯಿಯೂ (ಸಾರ್ಡೀನ್) ಹಾಗೆಯೇ. ದೂರ ಇಡಬೇಕಾದ್ದು ತಾಟೆಯಂಥ ಶಾರ್ಕ್ ಜಾತಿ, ದೊಡ್ಡ ಅಂಜಲ್, ದೊಡ್ಡ ಟ್ಯೂನಾ. ಬಂಗುಡೆ, ಬೂತಾಯಿಯಲ್ಲಿ ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಚೆನ್ನಾಗಿದೆ, ಬೆಲೆಯೂ ಅಂಜಲಿಗಿಂತ ಕಡಿಮೆ. ವಾರಕ್ಕೆ ಎರಡು ಸಲ, ಪ್ರತಿ ಸಲ 100ರಿಂದ 150 ಗ್ರಾಂ ಸಾಕು.

ತಾಜಾತನದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಈ ಎರಡು ಮೀನು ಐಸ್ ಇಲ್ಲದೆ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮೀನ್ ಹುಟ್ಟಿಕೊಳ್ಳುತ್ತದೆ. ಮೈತುರಿಕೆ, ತಲೆನೋವು, ವಾಂತಿ ತರುವ ಈ ವಸ್ತು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕಿವಿರು ಕೆಂಪಗೆ, ಕಣ್ಣು ಹೊಳಪಾಗಿ, ಹೊಟ್ಟೆ ಗಟ್ಟಿಯಾಗಿ ಇದ್ದರೆ ತನ್ನಿ, ತಂದ ಕೂಡಲೇ ಶುಚಿ ಮಾಡಿ ಫ್ರಿಜ್ಜಿಗಿಡಿ.

ಬೇಗ ಆಗುವುದು ಕಾವಲಿಯ ಬಂಗುಡೆ. ಎರಡು ಮೀನಿಗೆ ಗೀರು ಹಾಕಿ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರಸಿನ, ಅರ್ಧ ಲಿಂಬೆಯ ರಸ, ಹಿಡಿತದಲ್ಲಿ ಉಪ್ಪು ಸವರಿ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಎರಡು ಚಮಚ ಎಣ್ಣೆ ಸವರಿದ ಕಾವಲಿಯಲ್ಲಿ, ಮಧ್ಯಮ ಉರಿಯಲ್ಲಿ, ಮುಚ್ಚಳ ಮುಚ್ಚಿ ಒಂದೊಂದು ಬದಿ 4-5 ನಿಮಿಷ. ಅಡಿ ಗರಿಯಾಗುವ ಮೊದಲೇ ಮಗುಚಿದರೆ ಚರ್ಮ ಕಾವಲಿಗೆ ಅಂಟಿ ಕಿತ್ತು ಬರುತ್ತದೆ. ಉರಿ ಜೋರಾದರೆ ಹೊರಗೆ ಕರಿದು ಮುಳ್ಳಿನ ಹತ್ತಿರ ಹಸಿ ಉಳಿಯುತ್ತದೆ, ಬಸುರಿಗೆ ಹಸಿ ಮೀನು ಅಪಾಯ. ಮುಳ್ಳಿನಿಂದ ಮಾಂಸ ಸಲೀಸಾಗಿ ಬಿಟ್ಟು ಬಿಳಿಯಾಗಿದ್ದರೆ ಬೆಂದಿದೆ ಎಂದರ್ಥ. ಬೂತಾಯಿಗೆ ಹುಳಿ ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಸಣ್ಣ ಮುಳ್ಳು ಮೆತ್ತಗಾಗಿ ತಿನ್ನಲು ಬರುತ್ತದೆ, ಆ ಮುಳ್ಳೆಲ್ಲ ಕ್ಯಾಲ್ಸಿಯಂ. ಮೆಣಸು ಕಡಿಮೆ ಮಾಡಿ, ಎದೆಯುರಿಯ ರಾತ್ರಿಗಳಲ್ಲಿ ಪುಳಿಮುಂಚಿ ಹಿತವಾಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ತಾಜಾ ಮೀನು ಸಿಗುವುದು ಕಷ್ಟ. ಆಗ ಒಣಮೀನಿನ ಬದಲು ಮೊಟ್ಟೆಗೆ ಹೋಗಿ. ಎರಡು ಹಿಡಿ ನುಗ್ಗೆಸೊಪ್ಪನ್ನು ನೀರುಳ್ಳಿ, ಬೆಳ್ಳುಳ್ಳಿ ಜೊತೆ ಐದು ನಿಮಿಷ ಬಾಡಿಸಿ, ಎರಡು ಮೊಟ್ಟೆ ಒಡೆದು ಹಾಕಿ, ಹಸಿ ಪಸೆ ಆರುವವರೆಗೆ ಕೈಯಾಡಿಸಿದರೆ ಹತ್ತು ನಿಮಿಷದಲ್ಲಿ ಪಲ್ಯ.

ಮಾತ್ರೆ, ಚಹಾ, ಸೊಪ್ಪು: ಹೊತ್ತಿನ ಲೆಕ್ಕ

ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ, ದಿನಕ್ಕೊಂದರಂತೆ ಕನಿಷ್ಠ 180 ದಿನ. ಕ್ಯಾಲ್ಸಿಯಂ ಮಾತ್ರೆ 500 ಮಿ.ಗ್ರಾಂನದ್ದು ದಿನಕ್ಕೆ ಎರಡು. ಎರಡನ್ನೂ ಒಟ್ಟಿಗೆ ನುಂಗಿಬಿಡುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಕರುಳಿನಲ್ಲಿ ಕಬ್ಬಿಣವೂ ಕ್ಯಾಲ್ಸಿಯಂ ಕೂಡ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟಾಪಿನಲ್ಲಿ ಒಂದೇ ಬಾಗಿಲಿಗೆ ನುಗ್ಗುವ ಜನರ ಹಾಗೆ, ಒಂದಕ್ಕೊಂದು ಅಡ್ಡ ನಿಲ್ಲುತ್ತವೆ. ಕ್ಯಾಲ್ಸಿಯಂ ಮಾತ್ರೆಯನ್ನು ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆ, ಕಬ್ಬಿಣದ್ದನ್ನು ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ ಲಿಂಬೆ ನೀರಿನಲ್ಲಿ ತೆಗೆದುಕೊಂಡರೆ ಅಂತರ ತಾನಾಗಿ ಸಿಗುತ್ತದೆ. ಲಿಂಬೆಯಿಂದ ಎದೆಯುರಿಯಾದರೆ ಬರೇ ನೀರು ಸಾಕು. ಕಬ್ಬಿಣದ ಮಾತ್ರೆಗೆ ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ನಿಲ್ಲಿಸಬಾರದು. ವೈದ್ಯರು ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಿ.

ಚಹಾ, ಕಾಫಿಯಲ್ಲಿರುವ ಒಗರು ಅಂಶ ಊಟದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಹೊರಗೆ ಹಾಕಿಸುತ್ತದೆ. ತಿಂಡಿಯ ಜೊತೆಗೇ ಚಹಾ ಕುಡಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಬಿಡಲೇಬೇಕೆಂದಿಲ್ಲ, ಒಂದು ಗಂಟೆ ಮುಂದೂಡಿದರೆ ಸಾಕು. ದಿನಕ್ಕೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ.

ಹರಿವೆ, ಬಸಳೆ ತಿನ್ನಿ, ನಾರಿಗೆ ಮತ್ತು ಫೋಲೇಟ್‌ಗೆ ಒಳ್ಳೆಯದು. ಆದರೆ ಅವುಗಳಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಕ್ಯಾಲ್ಸಿಯಂಗೆ ಅವನ್ನೇ ನಂಬುವಂತಿಲ್ಲ.

ಸಂಜೆಯ ಹಸಿವು

ಆಫೀಸಿನಿಂದ ಬಂದಾಗಿನ ಹಸಿವಿಗೆ ಗೋಳಿಬಜೆ ಕಣ್ಣೆದುರು ಬರುತ್ತದೆ. ಒಮ್ಮೊಮ್ಮೆ ತಿಂದರೆ ಏನೂ ಆಗದು. ದಿನಾ ಎಣ್ಣೆಯಲ್ಲಿ ಕರಿದದ್ದು ಮಾತ್ರ ಜಠರದಲ್ಲೇ ಹೊತ್ತು ಹಾಕಿ ರಾತ್ರಿ ಎದೆಯುರಿ ಹೆಚ್ಚಿಸುತ್ತದೆ. ಬದಲಿಗೆ ರಾಗಿ ಅಂಬಲಿ ಮಾಡಿಕೊಳ್ಳಬಹುದು. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಕಪ್ ತಣ್ಣೀರಿನಲ್ಲಿ ಕದಡಿ, ಕುದಿಯುವ ಒಂದು ಕಪ್ ನೀರಿಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ಐದಾರು ನಿಮಿಷ ತಿರುವುತ್ತಿರಿ. ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಹೊರಪದರ ಬೆಂದು ಒಳಗೆ ಒಣ ಹಿಟ್ಟಿನ ಗಂಟು ಉಳಿಯುತ್ತದೆ. ಉಗುರುಬೆಚ್ಚಗಾದ ಮೇಲೆ ಒಂದು ಲೋಟ ಮಜ್ಜಿಗೆ, ಉಪ್ಪು. ಬಿಸಿ ಇರುವಾಗ ಮಜ್ಜಿಗೆ ಸೇರಿಸಿದರೆ ಒಡೆಯುತ್ತದೆ. ಜೊತೆಗೆ ಏಳೆಂಟು ಗೇರುಬೀಜ ಅಥವಾ ಒಂದು ಹಿಡಿ ಹುರಿದ ನೆಲಗಡಲೆ.

ನಮ್ಮ ಸೆಕೆಗೆ ದಿನಕ್ಕೆ 8-10 ಲೋಟ ನೀರು ಬೇಕು. ಊಟ ಮಾಡುವಾಗ ಗಟಗಟ ಕುಡಿಯದೆ, ಒಂದು ಊಟಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತಿನಲ್ಲಿ ಕುಡಿದರೆ ಹೊಟ್ಟೆ ಬಿಗಿಯುವುದಿಲ್ಲ.

ಗಸಿ ಯಾಕೆ ಬೇಗ ಹಾಳಾಗುತ್ತದೆ

ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ಕರಾವಳಿಯ ಸೆಕೆ, ತೇವದಲ್ಲಿ ಬೇಗ ಕೆಡುತ್ತದೆ. ವಾಸನೆ ಬರುವ ಮೊದಲೇ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಬೆಳಿಗ್ಗೆ ಮಾಡಿದ್ದನ್ನು ರಾತ್ರಿಗೆ ಇಡುವುದಾದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ತೆಗೆದ ಮೇಲೆ ಕೊತಕೊತ ಕುದಿಯಬೇಕು, ಅದೂ ಒಂದೇ ಸಲ. ಕಾಳನ್ನು ಬೇಯಿಸಿಟ್ಟು ತೆಂಗಿನ ಅರಪ್ಪನ್ನು ಆಯಾ ಹೊತ್ತಿಗೆ ಸೇರಿಸುವುದು ಎಲ್ಲಕ್ಕಿಂತ ಕ್ಷೇಮ. ಅನ್ನವನ್ನು ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ತಂಗಳು ಉಣ್ಣುವ ರೂಢಿಯನ್ನು ಈ ಮೂರು ತಿಂಗಳ ಮಟ್ಟಿಗೆ ಬಿಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಉಳಿಯುತ್ತದೆ. ಹಾಲು ಕಾಯಿಸಿಯೇ ಕುಡಿಯಬೇಕು, ಮೊಟ್ಟೆಯ ಹಳದಿ ಗಟ್ಟಿಯಾಗಿರಬೇಕು, ಮರುವಾಯಿ (ಚಿಪ್ಪುಮೀನು) ಬೆಂದ ಮೇಲೂ ಚಿಪ್ಪು ಬಿಚ್ಚಿಕೊಳ್ಳದಿದ್ದರೆ ಎಸೆಯಬೇಕು.

ಸಕ್ಕರೆ ಹೆಚ್ಚಿದೆ ಎಂದಿದ್ದರೆ

75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡುವ ಪರೀಕ್ಷೆಯಲ್ಲಿ 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಎನ್ನುತ್ತಾರೆ. ಆಗಲೂ ಮೇಲಿನ ಅಡುಗೆಗಳೇ, ಪಾಲು ಮಾತ್ರ ತಿರುಗಿಸಬೇಕು. ಬಜಿಲಿನಲ್ಲಿ ಕಡ್ಲೆ ಮುಕ್ಕಾಲು, ಅವಲಕ್ಕಿ ಕಾಲು, ಬೆಲ್ಲ ಬೇಡ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆ. ನೀರುದೋಸೆಗೆ ಕಾಯಿ-ಬೆಲ್ಲದ ಬದಲು ಮೊಟ್ಟೆ ಸಾರು ಅಥವಾ ಕಡ್ಲೆ ಗಸಿ, ದೋಸೆ ಎರಡಕ್ಕೆ ನಿಲ್ಲಲಿ. ಗಂಜಿ ಬಹಳ ಕರಗಿದಷ್ಟೂ ಸಕ್ಕರೆ ಬೇಗ ಏರುತ್ತದೆ, ಅಗುಳು ಉಳಿಯುವ ಹಾಗೆ ಬೇಯಿಸಿ. ಹೆದರಿ ಉಪವಾಸ ಬೀಳುವುದು ಇನ್ನೂ ಕೆಟ್ಟದ್ದು.

ಊಟದಿಂದ ಸರಿಹೋಗದ ಲಕ್ಷಣಗಳು

ಸಂಜೆ ಕಾಲು ಸ್ವಲ್ಪ ಊದುವುದು ಸಾಮಾನ್ಯ. ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ಬಲಬದಿಯಲ್ಲಿ ಅಥವಾ ನಡುವೆ ನೋವು ಕಾಣಿಸಿಕೊಂಡರೆ ಅದು ರಕ್ತದೊತ್ತಡ ಏರಿದ ಲಕ್ಷಣವಿರಬಹುದು. ಈ ನೋವನ್ನು ಗ್ಯಾಸ್ ಎಂದು ತಿಳಿದು ಜೀರಿಗೆ ಕಷಾಯ ಕುಡಿದು ಮಲಗುವವರಿದ್ದಾರೆ, ಅದರಲ್ಲಿ ಅಮೂಲ್ಯವಾದ ಹೊತ್ತು ಹೋಗುತ್ತದೆ. ಒತ್ತಡ 140/90 ಮುಟ್ಟಿದರೆ ಆ ದಿನವೇ ವೈದ್ಯರು ನೋಡಬೇಕು. ಮಗುವಿನ ಮಿಸುಕಾಟ ಕಡಿಮೆಯಾಯಿತು ಅನ್ನಿಸಿದರೂ ಅಷ್ಟೇ, "ಉಂಡು ಮಲಗಿ ನಾಳೆ ನೋಡುವ" ಎಂದು ತಡಮಾಡದೆ ತಾಯಿ ಕಾರ್ಡ್ ಹಿಡಿದು ಹೊರಡಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.